ಮೇಷ್ಟ್ರ ತೂಕ

ಮೇಷ್ಟ್ರ ಗಂಟಲಲ್ಲಿ ಗಡ್ಡೆ ಇದೆಯೆಂದು ನನಗೆ ಮೊದಲು ತಿಳಿಸಿದ್ದು ನನ್ನ ಅಮ್ಮ. ಕಡಿಯಾಳಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವರ ಮನೆ. ಪಿಯುಸಿಯಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು, ನಿವೃತ್ತರಾಗಿ ಹತ್ತು ವರ್ಷದ ಮೇಲಾಗಿತ್ತು. ಲ್ಯಾಬಿನಲ್ಲಿ ನಾವು ಲೋಲಕವನ್ನು ತೂಗಿಬಿಟ್ಟು ಎಣಿಸುವ ಗೋಜಿಗೆ ಹೋಗದೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿಗಳನ್ನು ತುಂಬಿಸಿಕೊಂಡು ಹೋದರೆ, ಪುಸ್ತಕವನ್ನು ಒಮ್ಮೆ ನೋಡಿ "ಇದು ಬೇಯಿಸಿದ ರೀಡಿಂಗ್" ಎಂದು ಕೆಂಪು ಗೀಟು ಎಳೆಯುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, "ನಿಜವಾದ ಅಂಕಿ ಇಷ್ಟು ಚಂದ ಇರುವುದಿಲ್ಲ" ಎನ್ನುತ್ತಿದ್ದರು. ಅಂಥ ಮನುಷ್ಯ. ಆದ್ದರಿಂದ ಅವರ ಫೈಲು ನನ್ನ ಮೇಜಿಗೆ ಬಂದಾಗ, ರೋಗದ ಬಗ್ಗೆ ಸಂಕಟವಾದರೂ, ರೋಗಿಯ ಬಗ್ಗೆ ನನಗೆ ಯಾವ ಚಿಂತೆಯೂ ಆಗಲಿಲ್ಲ.

ಉಡುಪಿ ಮಣಿಪಾಲದ ಆಸುಪಾಸಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ಡಯೆಟಿಶಿಯನ್. ಗಂಟಲಿಗೆ ರೇಡಿಯೇಶನ್ ತೆಗೆದುಕೊಳ್ಳುವವರು ಆ ಆರೇಳು ವಾರಗಳಲ್ಲಿ ಸೊರಗದಂತೆ ಕಾಯುವುದು ನನ್ನ ಮುಖ್ಯ ಕೆಲಸ. ಜನ ಇದನ್ನು ಟಾನಿಕ್ ಬರೆದುಕೊಡುವ ಕೆಲಸ ಎಂದುಕೊಳ್ಳುತ್ತಾರೆ. ಗಂಟಲಿನ ರೇಡಿಯೇಶನ್ನಿಗೆ ಮೊದಲು ಒಂದು ಪ್ಲಾಸ್ಟಿಕ್ ಜಾಲರಿಯ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದಕ್ಕೆ ಮಾಸ್ಕ್ ಎನ್ನುತ್ತಾರೆ. ದಿನವೂ ಅದನ್ನು ಮುಖಕ್ಕೆ ಹಾಕಿ ಮೇಜಿಗೆ ಬಿಗಿದರೆ ತಲೆ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಕಿರಣ ಗಡ್ಡೆಗೇ ಬೀಳುತ್ತದೆ. ರೋಗಿ ಸೊರಗಿದರೆ ಕೆನ್ನೆ ಇಳಿಯುತ್ತದೆ, ಮಾಸ್ಕ್ ಸಡಿಲವಾಗುತ್ತದೆ, ಕಿರಣದ ಗುರಿ ತಪ್ಪುತ್ತದೆ. ಆಗ ಚಿಕಿತ್ಸೆ ನಿಲ್ಲಿಸಿ ಮತ್ತೆ ಅಚ್ಚು ತೆಗೆಯಬೇಕು. ನಿಲ್ಲಿಸಿದ ಒಂದೊಂದು ದಿನವೂ ಗಡ್ಡೆಗೆ ಸಿಕ್ಕ ರಜೆ ಎಂದು ನಮ್ಮ ಡಾಕ್ಟರು ಹೇಳುತ್ತಿರುತ್ತಾರೆ.

ಮೇಷ್ಟ್ರಿಗೆ ಮೂವತ್ತಮೂರು ಸಿಟ್ಟಿಂಗ್ ಎಂದು ಬರೆದಿದ್ದರು, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು. ಮೊದಲ ದಿನ ಅವರ ತೂಕ ಅರವತ್ತೊಂದು ಕಿಲೋ. ದಿನಕ್ಕೆ ಸಾವಿರದೆಂಟುನೂರು ಕ್ಯಾಲರಿ, ಎಪ್ಪತ್ತೈದು ಗ್ರಾಂ ಪ್ರೋಟೀನ್ ಎಂದು ಲೆಕ್ಕ ಹಾಕಿದೆ. ಊಟ ಆಗುವವರೆಗೆ ಊಟ, ಬಾಯಿ ಹುಣ್ಣಾದ ಮೇಲೆ ಹಾಲು, ರಾಗಿಹಿಟ್ಟು, ಹಾಲಿನ ಪ್ರೋಟೀನ್ ಪುಡಿ, ಸಕ್ಕರೆ, ಸ್ವಲ್ಪ ಎಣ್ಣೆ ಸೇರಿಸಿ ಕಾಯಿಸಿ ಸೋಸಿದ ದ್ರವ. ಒಂದು ಸಲಕ್ಕೆ ಇನ್ನೂರೈವತ್ತು ಎಂ.ಎಲ್., ದಿನಕ್ಕೆ ಆರು ಸಲ. ಅದನ್ನು ಹೇಗೆ ಮಾಡುವುದೆಂದು ಮೇಷ್ಟ್ರ ಹೆಂಡತಿಗೆ ನಮ್ಮ ವಿಭಾಗದ ಅಡುಗೆಕೋಣೆಯಲ್ಲಿ ಮಾಡಿಯೇ ತೋರಿಸಿದೆ. ಅವರನ್ನು ನಾನು ಚಿಕ್ಕಂದಿನಿಂದ ಮಾಮಿ ಎಂದೇ ಕರೆಯುವುದು. ತವರು ಕಾಪು. ಮಾತು ಕಡಿಮೆ, ಕೈ ಚುರುಕು.

ಆ ದಿನ ನಾನು ಆಡಿದ ಒಂದು ಮಾತನ್ನು ಇಲ್ಲಿ ಬರೆಯಲೇಬೇಕು. ಅದು ಚಾತುರ್ಮಾಸ್ಯದ ಕಾಲ. ಮಾಧ್ವರ ಮನೆಗಳಲ್ಲಿ ಆ ನಾಲ್ಕು ತಿಂಗಳು ಒಂದೊಂದರಲ್ಲಿ ಒಂದೊಂದನ್ನು ಬಿಡುವ ವ್ರತ ಉಂಟು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ಕೊನೆಯದರಲ್ಲಿ ಬೇಳೆಕಾಳಿಲ್ಲ. ಮೂರನೆಯದಾದ ಕ್ಷೀರ ವ್ರತ ಶುರುವಾಗಲು ಇನ್ನು ಮೂರ್ನಾಲ್ಕು ದಿನವಿತ್ತು. ನಮ್ಮ ಮನೆಯಲ್ಲಿ ಅಮ್ಮನೂ ಮಾಡುತ್ತಾಳೆ. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹಾಲಿನ ಕಾಫಿ ಕುಡಿದು ಮನೆಗೆ ಹೋಗುವವಳು. ಹಾಗಾಗಿ ನಗುತ್ತಲೇ ಹೇಳಿದೆ, "ಸರ್, ವ್ರತ ಗಿತ ಎಲ್ಲ ಈ ವರ್ಷ ಕಟ್ಟಿ ಅಟ್ಟಕ್ಕೆ ಹಾಕಿ, ಆಯ್ತಾ?"

ಮೇಷ್ಟ್ರೂ ನಕ್ಕರು. "ಕಾಯಿಲೆಯವನಿಗೆ ದೋಷ ಇಲ್ಲ ಅಂತ ಶಾಸ್ತ್ರದಲ್ಲೇ ಉಂಟಲ್ಲ ಮಾರಾಯ್ತಿ. ನನಗೆ ನೀನು ಹೇಳಿದ್ದೇ ಶಾಸ್ತ್ರ ಈಗ." ಆಮೇಲೆ ದನಿ ತಗ್ಗಿಸಿ, "ಒಂದೇ ಮಾತು. ಊಟದ ಟ್ಯೂಬ್ ಮಾತ್ರ ಹಾಕಿಸಬೇಡ. ಮೂಗಲ್ಲಿ ನಳಿಗೆ ಇಳಿಬಿಟ್ಟುಕೊಂಡು ನಾನು ದೇವರ ಎದುರು ಹೇಗೆ ಕೂತುಕೊಳ್ಳುವುದು?" ಎಂದರು.

"ತೂಕ ನಿಲ್ಲಿಸಿಕೊಳ್ಳಿ, ಟ್ಯೂಬಿನ ಮಾತೇ ಬರುವುದಿಲ್ಲ" ಎಂದೆ. ಮಾಮಿ ಬಾಗಿಲ ಬಳಿ ನಿಂತು ಸೆರಗಿನ ತುದಿ ಸುತ್ತುತ್ತಿದ್ದರು. ಅವರನ್ನು ನಾನು ಏನೂ ಕೇಳಲಿಲ್ಲ.

ಎರಡು ವಾರ ಸುಗಮವಾಗಿ ಕಳೆಯಿತು. ಮೂರನೆಯ ವಾರ ಬಾಯಿ ಒಡೆಯಿತು. ನಾಲಗೆಯ ಬದಿಯಲ್ಲಿ, ಗಂಟಲ ಹಿಂದೆ ಬಿಳಿ ಬಿಳಿ ಪೊರೆ, ಸುತ್ತ ಕೆಂಪು. ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಇದು ಎಲ್ಲರಿಗೂ ಆಗುವುದೇ. ಮರಗಟ್ಟಿಸುವ ದ್ರವ ಬಾಯಿ ಮುಕ್ಕಳಿಸಲಿಕ್ಕೆ, ನೋವಿನ ಸಿರಪ್ಪು, ಊಟ ಬಿಟ್ಟು ದ್ರವಕ್ಕೆ ಬದಲಾವಣೆ. ಮೇಷ್ಟ್ರು ಒಂದು ಗೆರೆಪುಸ್ತಕ ಇಟ್ಟರು. ಗಂಟೆ, ಪದಾರ್ಥ, ಪ್ರಮಾಣ, ಷರಾ ಎಂದು ಸ್ಕೇಲಿಟ್ಟು ನಾಲ್ಕು ಕಾಲಂ. ಬೆಳಿಗ್ಗೆ ಏಳು, ಹಾಲಿನ ದ್ರವ, ಇನ್ನೂರೈವತ್ತು, ತೊಂದರೆ ಇಲ್ಲ. ಹತ್ತು ಗಂಟೆ, ಇನ್ನೂರೈವತ್ತು, ತೊಂದರೆ ಇಲ್ಲ. ಪುಟಗಟ್ಟಲೆ ಹಾಗೆಯೇ. ಮುತ್ತಿನಂಥ ಅಕ್ಷರ. ನಾನು ಅದನ್ನು ಬೇರೆ ರೋಗಿಗಳಿಗೂ ತೋರಿಸಿದೆ, "ನೋಡಿ, ಹೀಗೆ ಬರೆಯಬೇಕು" ಎಂದು. ಕಾರ್ಕಳದಿಂದ ಬರುತ್ತಿದ್ದ ಒಬ್ಬ ಬಸ್ ಕಂಡಕ್ಟರ್ ಬರೆಯುತ್ತಿದ್ದ ಲೆಕ್ಕ ಹೀಗಿತ್ತು: ನೂರೆಂಬತ್ತು, ಆಮೇಲೆ ತೊಂಬತ್ತು, ವಾಂತಿ, ಬಿಟ್ಟೆ, ಇನ್ನೂರು, ಹೆಂಡತಿ ಬೈದಳು, ಅರವತ್ತು. ಅವನ ಚೀಟಿ ನೋಡಿ ನಾನು ನಿಟ್ಟುಸಿರು ಬಿಟ್ಟವಳು. ಕೆಂಪು ಗೀಟು ಯಾರ ಪುಸ್ತಕಕ್ಕೆ ಎಳೆಯಬೇಕಿತ್ತು ಎಂದು ಈಗ ಯೋಚಿಸಿದರೆ ಮೈ ಉರಿಯುತ್ತದೆ.

ಪ್ರತಿ ಸೋಮವಾರ ನನ್ನ ಕೋಣೆಯ ಮೆಷಿನ್ನಿನಲ್ಲಿ ತೂಕ. ಅರವತ್ತೊಂದು, ಅರವತ್ತೂವರೆ, ಅರವತ್ತು. ಮೇಷ್ಟ್ರು ಯಾವಾಗಲೂ ಪಂಚೆ, ಉದ್ದ ತೋಳಿನ ಅಂಗಿ. ಚಪ್ಪಲಿ ಬಿಡಿಸುತ್ತಿದ್ದೆ, ಫೋನು ತೆಗೆಸುತ್ತಿದ್ದೆ. ಅಷ್ಟೇ. ನಿಯಮದ ಪ್ರಕಾರ ಆಸ್ಪತ್ರೆಯ ತೆಳ್ಳನೆ ಗೌನು ತೊಡಿಸಿ ತೂಗಬೇಕು. ಬೇರೆಯವರಿಗೆಲ್ಲ ತೊಡಿಸುತ್ತಿದ್ದೆ. ನನ್ನ ಮೇಷ್ಟ್ರಿಗೆ ಗೌನು ಹಾಕಿಕೊಳ್ಳಿ ಎನ್ನಲು ನಾಲಗೆ ಬರಲಿಲ್ಲ. ಇದು ನಾನು ಮಾಡಿದ ಮೊದಲ ತಪ್ಪು.

ಎರಡನೆಯದು ಇದಕ್ಕಿಂತ ದೊಡ್ಡದು. ಮೂರನೆಯ ವಾರದ ಮೀಟಿಂಗಿನಲ್ಲಿ ರೇಡಿಯೇಶನ್ ಡಾಕ್ಟರು, "ಬಾಯಿ ನೋಡಿದರೆ ಈ ವಾರವೇ ಟ್ಯೂಬ್ ಹಾಕುವುದು ಒಳ್ಳೆಯದು" ಎಂದರು. ನಾನು ಎದ್ದು ನಿಂತು ಮೇಷ್ಟ್ರ ಪುಸ್ತಕದ ಪುಟಗಳನ್ನೂ ತೂಕದ ಗೆರೆಯನ್ನೂ ಮುಂದಿಟ್ಟು, ಬೇಡವೆಂದು ವಾದಿಸಿದೆ. ಇಷ್ಟು ಶಿಸ್ತಿನ ರೋಗಿಯನ್ನು ನಾನು ನೋಡಿಲ್ಲ, ಇದಕ್ಕೆ ನಾನು ಜವಾಬ್ದಾರಿ ಎಂದೆ. ಡಾಕ್ಟರು ಒಪ್ಪಿದರು. "ಸರಿ. ಐವತ್ತೆಂಟಕ್ಕಿಂತ ಕೆಳಗೆ ಬಂದರೆ ಅವತ್ತೇ ಟ್ಯೂಬ್. ಆಗ ಮಾತಿಲ್ಲ." ನಾನು ಗೆದ್ದ ಖುಷಿಯಲ್ಲಿ ಮನೆಗೆ ಹೋಗಿ, ಊಟಕ್ಕೆ ಕೂತಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಐವತ್ತೆಂಟರ ಗಡಿಯನ್ನೂ ಹೇಳಿದೆ. ರೋಗಿಯ ವಿಷಯವನ್ನು ಮನೆಯಲ್ಲಿ ಆಡಬಾರದು. ಗೊತ್ತಿದ್ದೂ ಆಡಿದೆ, ಯಾಕೆಂದರೆ ಅದು ಮೇಷ್ಟ್ರ ವಿಷಯ, ನಮ್ಮ ಕೇರಿಯ ವಿಷಯ ಎಂಬ ಸದರ.

ನಾಲ್ಕನೆಯ ವಾರ ಮುಗಿದು ಸೋಮವಾರ ಬಂತು. ತೂಕ ಐವತ್ತೊಂಬತ್ತು ಕಿಲೋ ಇನ್ನೂರು ಗ್ರಾಂ. ಗಡಿಯ ಮೇಲೆಯೇ ಇದ್ದಾರೆ ಎಂದು ಬರೆದುಕೊಂಡೆ. ಮೇಷ್ಟ್ರು ರೇಡಿಯೇಶನ್ನಿಗೆ ಕೆಳಗಿಳಿದು ಹತ್ತು ನಿಮಿಷ ಆಗಿರಬಹುದು, ಅಲ್ಲಿನ ಟೆಕ್ನಿಶಿಯನ್ ಫೋನ್ ಮಾಡಿದ.

"ಮೇಡಂ, ನಿಮ್ಮ ಪೇಷಂಟ್‌ದು ಮಾಸ್ಕ್ ಲೂಸ್ ಉಂಟು. ದವಡೆ ಹತ್ತಿರ ನನ್ನ ಎರಡು ಬೆರಳು ಒಳಗೆ ಹೋಗ್ತದೆ."

"ಎರಡು ಕಿಲೋ ಸಹ ಇಳಿದಿಲ್ಲ. ಅಷ್ಟಕ್ಕೆ ಎರಡು ಬೆರಳು ಹೇಗೆ ಹೋಗ್ತದೆ?"

"ಅದು ನನಗೆ ಗೊತ್ತಿಲ್ಲ. ಮೆಷಿನ್ ಎಂತ ಹೇಳ್ತದೋ ನೀವು ನೋಡಿ. ಮಾಸ್ಕ್ ಮಾತ್ರ ಲೂಸ್."

ಅವತ್ತಿನ ಸಿಟ್ಟಿಂಗ್ ನಿಂತಿತು. ಮೇಷ್ಟ್ರನ್ನು ನನ್ನ ಕೋಣೆಗೆ ಮತ್ತೆ ಕರೆಸಿದೆ. ಮಾಮಿಯೂ ಬಂದರು. ಮೇಷ್ಟ್ರ ಅಂಗಿಯ ತೋಳು ಮೇಲೇರಿಸಿ, ಭುಜಕ್ಕೂ ಮೊಣಕೈಗೂ ನಡುವೆ ಟೇಪು ಸುತ್ತಿದೆ. ಮೊದಲ ದಿನ ಇಪ್ಪತ್ತಾರು ಸೆಂಟಿಮೀಟರ್ ಇದ್ದದ್ದು ಇಪ್ಪತ್ಮೂರೂವರೆ ತೋರಿಸಿತು. ಮತ್ತೊಮ್ಮೆ ಸುತ್ತಿದೆ. ಅಷ್ಟೇ. ಕೈ ಹಿಡಿದು ಒತ್ತಲು ಹೇಳಿದರೆ ಬೆರಳುಗಳಲ್ಲಿ ಬಲವೇ ಇಲ್ಲ. ಎರಡು ವಾರ ಅವರ ಪುಸ್ತಕವನ್ನು ಓದಿದ್ದೆನೇ ಹೊರತು ಅವರ ಕೈಯನ್ನು ಒಮ್ಮೆಯೂ ಹಿಡಿದು ನೋಡಿರಲಿಲ್ಲ.

"ಸರ್, ಒಮ್ಮೆ ಗೌನು ಹಾಕಿಕೊಂಡು ತೂಕ ನೋಡುವ" ಎಂದೆ.

ಮಾಮಿ ಕುರ್ಚಿಯಿಂದ ಎದ್ದೇಬಿಟ್ಟರು. "ಬೇಡ ಮಗಾ. ಅವರಿಗೆ ಚಳಿ ಆಗ್ತದೆ."

ಮೇಷ್ಟ್ರು ಹೆಂಡತಿಯ ಕಡೆ ಕೈ ಎತ್ತಿ ಸುಮ್ಮನಿರು ಎಂದರು. ಗೋಡೆಯ ಕಡೆ ತಿರುಗಿ ಅಂಗಿ ಎತ್ತಿ, ಸೊಂಟದಿಂದ ಏನನ್ನೋ ಬಿಚ್ಚಿದರು. ಒಂದು ಹಳೆಯ ಪಾಣಿಪಂಚೆಯ ಪಟ್ಟಿ, ಎರಡೂ ಬದಿಯಲ್ಲಿ ಗಂಟು. ಅದನ್ನು ನನ್ನ ಮೇಜಿನ ಮೇಲಿಟ್ಟರು. ಬಟ್ಟೆಯೊಳಗಿಂದ ಕಬ್ಬಿಣದ ಸದ್ದು ಬಂತು. ಬಿಚ್ಚಿ ನೋಡಿದರೆ ಅಂಗಡಿಯ ತೂಕದ ಕಲ್ಲುಗಳು. ಒಂದು ಎರಡು ಕಿಲೋದ್ದು, ಒಂದು ಒಂದು ಕಿಲೋದ್ದು.

ಗೌನು ತೊಡಿಸುವ ಅಗತ್ಯ ಬೀಳಲಿಲ್ಲ. ಅವರೇ ಮೆಷಿನ್ನಿನ ಮೇಲೆ ನಿಂತರು. ಐವತ್ತಾರು ಕಿಲೋ ಇನ್ನೂರು ಗ್ರಾಂ.

"ಕಲ್ಲು ಯಾರು ತಂದದ್ದು?" ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆ ಅದಲ್ಲ, ಆದರೆ ಬಾಯಿಗೆ ಬಂದದ್ದು ಅದೇ.

"ಕಾಪುವಿನಲ್ಲಿ ನನ್ನ ಅಣ್ಣನ ಅಂಗಡಿಯದ್ದು. ಅವ ಈಗ ಕರೆಂಟಿನ ತಕ್ಕಡಿ ಇಟ್ಟಿದ್ದಾನೆ. ಇವು ಸುಮ್ಮನೆ ಬಿದ್ದಿತ್ತು" ಎಂದರು ಮಾಮಿ. "ಮೊದಲು ಒಂದೇ ಕಿಲೋದ್ದು ಕಟ್ಟಿದ್ದು. ಆಮೇಲೆ ಸಾಕಾಗಲಿಲ್ಲ."

"ಹಾಲಿನ ದ್ರವ?"

"ಮಾಡಲೇ ಇಲ್ಲ ಮಗಾ. ಕ್ಷೀರ ವ್ರತ ಅಲ್ವಾ. ನಲವತ್ತು ವರ್ಷ ಒಂದು ಸಲವೂ ತಪ್ಪಿಸಲಿಲ್ಲ ಇವರು. ಈ ವರ್ಷ ತಪ್ಪಿಸಿದರೆ ಎಂತಾದರೂ ಆದೀತು ಅಂತ ನನಗೇ ಹೆದರಿಕೆ ಆಯ್ತು. ಮೊಸರು ಆಗ್ತದೆ, ಆದರೆ ಬಾಯಿ ಉರಿ, ಹುಳಿ ತಾಗಿದರೆ ಕಿರುಚುತ್ತಾರೆ. ಹಾಗೆ ಗಂಜಿತಿಳಿಗೆ ತುಪ್ಪ ಹಾಕಿ ಕೊಟ್ಟೆ. ಹೆಸರುಬೇಳೆ ಕಟ್ಟು ಸ್ವಲ್ಪ. ಇನ್ನು ಐದು ದಿನ ಅಷ್ಟೇ ಇದ್ದದ್ದು, ಆಮೇಲೆ ಹಾಲು ಆಗ್ತದೆ."

ಇನ್ನೂರೈವತ್ತು, ತೊಂದರೆ ಇಲ್ಲ. ಆ ಪುಟಗಳೆಲ್ಲ ನನ್ನ ಕಣ್ಣಮುಂದೆ ಬಂದವು. ನಾನು ಮೇಷ್ಟ್ರನ್ನೇ ನೋಡಿ, "ಬೇಯಿಸಿದ ರೀಡಿಂಗ್ ಸರ್, ಎಲ್ಲವೂ?" ಎಂದೆ. ದನಿ ಏರಿತ್ತು, ಹೊರಗೆ ಕೂತಿದ್ದವರು ಇಣುಕಿದರು. ಮೇಷ್ಟ್ರು ತಲೆ ತಗ್ಗಿಸಿ, ಗಾಳಿಯಷ್ಟೇ ಉಳಿದಿದ್ದ ದನಿಯಲ್ಲಿ, "ಹೌದು" ಎಂದರು.

"ನನಗೆ ಒಂದು ಮಾತು ಹೇಳಲಿಕ್ಕೆ ಎಂತ ಕಷ್ಟ ಇತ್ತು ನಿಮಗೆ? ಹಾಲು ಬಿಟ್ಟು ಸೋಯಾದಲ್ಲಿ ಮಾಡಿಕೊಡುತ್ತಿದ್ದೆ. ಈ ತಿಂಗಳು ಬೇಳೆಕಾಳು ಆಗ್ತದಲ್ಲ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಗ ಮಾಮಿ ಹೇಳಿದರು, "ನೀನು ಮೊದಲ ದಿನವೇ ಅಟ್ಟಕ್ಕೆ ಹಾಕಿ ಅಂದೆಯಲ್ಲ. ಆಮೇಲೆ ಹೇಳುವುದು ಹೇಗೆ?"

ಕಲ್ಲುಗಳನ್ನು ಅಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಹೋದೆ. ಎರಡು ವಾರದಿಂದ ನಾನು ಕೊಟ್ಟ ತೂಕ ಸುಳ್ಳು, ನನ್ನ ವಾದ ಸುಳ್ಳು, ಟ್ಯೂಬ್ ಇವತ್ತೇ ಹಾಕಬೇಕು ಎಂದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ ನಂಬರ್ ನಂಬಿ ನಾನು ಕೂತಿದ್ದೆ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ಮೂರಕ್ಕೆ ವಾರ್ಡಿನಲ್ಲಿ ಟ್ಯೂಬ್ ಹಾಕಿದರು. ಹುಣ್ಣಾದ ಗಂಟಲಲ್ಲಿ ಇಳಿಸುವುದು ಸುಲಭವಲ್ಲ. ಎರಡು ಸಲ ವಾಪಸ್ ಬಂತು, ಮೂರನೆಯ ಸಲ ಇಳಿಯಿತು. ಎರಡು ವಾರ ಮೊದಲೇ ಆಗಿದ್ದರೆ ಇಷ್ಟು ನೋವು ಇರುತ್ತಿರಲಿಲ್ಲ. ಎಕ್ಸರೇಯಲ್ಲಿ ಟ್ಯೂಬ್ ಸರಿಯಾದ ಜಾಗದಲ್ಲಿ ಕಂಡಿತು. ಜೊತೆಗೆ ಬಲಗಡೆಯ ಶ್ವಾಸಕೋಶದ ಕೆಳಗೆ ಒಂದು ಬಿಳಿ ಮೋಡವೂ ಕಂಡಿತು. ಹುಣ್ಣಾದ ಗಂಟಲು ಮುಚ್ಚದೆ ಗಂಜಿತಿಳಿ ಸ್ವಲ್ಪ ಸ್ವಲ್ಪವೇ ಶ್ವಾಸನಾಳಕ್ಕೆ ಇಳಿದು ನಂಜಾಗಿತ್ತು. ಅವತ್ತು ಬರೀ ನೀರು, ವಿಟಮಿನ್ ಇಂಜೆಕ್ಷನ್. ಆಹಾರ ಮರುದಿನ ಬೆಳಿಗ್ಗೆಯಿಂದ ಎಂದು ಬರೆದು ಮನೆಗೆ ಹೊರಟೆ.

ಅಮ್ಮ ಜಗಲಿಯಲ್ಲಿ ಕೂತು ಹರಿವೆ ಸೋಸುತ್ತಿದ್ದಳು. ನಾವು ಮನೆಯಲ್ಲಿ ತುಳು ಮಾತಾಡುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೇಷ್ಟ್ರು ಹಾಲು ಕುಡಿಯುತ್ತಿರಲಿಲ್ಲ ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

ಅಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಗೊತ್ತಿಲ್ಲದೆ ಎಂತ? ಇಡೀ ಕೇರಿಗೆ ಗೊತ್ತುಂಟು."

"ಐವತ್ತೆಂಟರ ಲೆಕ್ಕ ಅವರಿಗೆ ಹೇಳಿದ್ದು ಯಾರು?"

ಈಗ ಕೈ ನಿಂತಿತು. "ಭಜನೆಯಲ್ಲಿ ಅವಳು ಅತ್ತಳು. ಟ್ಯೂಬ್ ಹಾಕಿದರೆ ಇವರು ಬದುಕುವುದಿಲ್ಲ ಅಂದಳು. ಐವತ್ತೆಂಟರ ಕೆಳಗೆ ಹೋಗದಿದ್ದರೆ ಹಾಕುವುದಿಲ್ಲ, ಹೆದರಬೇಡ ಅಂತ ನಾನು ಸಮಾಧಾನ ಮಾಡಿದೆ. ಅದರಲ್ಲಿ ತಪ್ಪೆಂತ ಉಂಟು? ಅವಳು ಕಲ್ಲು ಕಟ್ಟುತ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ?"

"ವ್ರತದ ವಿಷಯ ನನಗೆ ಹೇಳಬಹುದಿತ್ತಲ್ಲ ಅಮ್ಮ."

"ಹೇಳಿದರೆ ನೀನು ಬಿಡಿಸುತ್ತಿದ್ದೆ."

ನನ್ನ ಅಮ್ಮ ನನ್ನ ಬಗ್ಗೆ ಹಾಗೆ ತಿಳಿದುಕೊಂಡಿದ್ದಳು. ಹದಿನೆಂಟು ವರ್ಷದಿಂದ ರೋಗಿಗಳ ನಾಲಗೆಗೆ, ನಂಬಿಕೆಗೆ, ಜೇಬಿಗೆ ಹೊಂದುವಂತೆ ಊಟ ಬರೆಯುತ್ತಾ ಬಂದವಳು ನಾನು. ರಂಜಾನಿನಲ್ಲಿ ಉಪವಾಸ ಹಿಡಿಯುವ ಸಕ್ಕರೆ ಕಾಯಿಲೆಯವರಿಗೆ ಮಾತ್ರೆಯ ಹೊತ್ತಿಗೆ ತಕ್ಕಂತೆ ಊಟ ಹೊಂದಿಸಿದ್ದೇನೆ. ಕೆಮ್ಮಣ್ಣಿನಿಂದ ಬರುವ ಕೊಂಕಣಿ ಅಜ್ಜಿಯೊಬ್ಬರಿಗೆ ಮೀನಿಲ್ಲದೆ ಅನ್ನ ಇಳಿಯದು ಎಂದಾಗ ಮೀನಿನ ಸಾರನ್ನೇ ಸೋಸಿ ಲೆಕ್ಕಕ್ಕೆ ಸೇರಿಸಿದ್ದೇನೆ. ನನ್ನದೇ ಕೇರಿಯವರಿಗೆ, ನನ್ನದೇ ತಾಯಿಗೆ ನಾನು ವ್ರತ ಬಿಡಿಸುವವಳು. ಅವತ್ತು ನಾನು ಅಮ್ಮನ ಜೊತೆ ಊಟಕ್ಕೆ ಕೂರಲಿಲ್ಲ. ವಾರಗಟ್ಟಲೆ ಸರಿಯಾಗಿ ಮಾತಾಡಲೂ ಇಲ್ಲ.

ಮರುದಿನ ಬೆಳಿಗ್ಗೆ ವಾರ್ಡಿನ ಪ್ಯಾಂಟ್ರಿಯಲ್ಲಿ ನನ್ನ ಕೈಯಲ್ಲಿ ಟ್ಯೂಬಿಗೆಂದೇ ತಯಾರಾಗುವ ಪುಡಿಯ ಡಬ್ಬಿ ಇತ್ತು. ಹಾಲಿನ ಪ್ರೋಟೀನಿನದ್ದು, ಎಲ್ಲರಿಗೂ ಅದನ್ನೇ ಕೊಡುವುದು. ಟ್ಯೂಬಿನಲ್ಲಿ ಇಳಿಯುವುದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಸೋಯಾದ್ದು ಎಂದು ಹೇಳಿ ಇದನ್ನೇ ಇಳಿಸಿದರೆ ಮೇಷ್ಟ್ರಿಗಾಗಲೀ ಮಾಮಿಗಾಗಲೀ ತಿಳಿಯುವ ದಾರಿಯೇ ಇಲ್ಲ. ವ್ರತಕ್ಕೆ ಇನ್ನು ನಾಲ್ಕೇ ದಿನ. ಅವರು ನನಗೆ ಎರಡು ವಾರ ಮಾಡಿದ್ದನ್ನು ನಾನು ಅವರಿಗೆ ನಾಲ್ಕು ದಿನ ಮಾಡಿದರೆ ಯಾವ ಲೆಕ್ಕ? ಅಂಥ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಡಬ್ಬಿಯ ಮುಚ್ಚಳವನ್ನೂ ತೆಗೆದಿದ್ದೆ. ನನಗೆ ಅಷ್ಟು ಸಿಟ್ಟಿತ್ತು.

ಕಡೆಗೆ ಮುಚ್ಚಳ ಹಾಕಿ ವಾರ್ಡಿಗೆ ಹೋಗಿ ಮೇಷ್ಟ್ರ ಹಾಸಿಗೆಯ ಪಕ್ಕ ನಿಂತು ಕೇಳಿದೆ, "ಸರ್, ಏನೇನು ಆಗ್ತದೆ, ಏನೇನು ಆಗುವುದಿಲ್ಲ, ಎಲ್ಲ ಹೇಳಿ. ಬರೆದುಕೊಳ್ಳುತ್ತೇನೆ." ಅವರು ಬೆರಳು ಮಡಚುತ್ತಾ ಹೇಳಿದರು. ನಾನು ಬರೆದುಕೊಂಡೆ. ನನ್ನ ಮುಖದಲ್ಲಿ ನಗು ಇರಲಿಲ್ಲ, ಅವರ ಮುಖದಲ್ಲೂ ಇರಲಿಲ್ಲ.

ಎರಡು ವಾರ ಅರೆಹೊಟ್ಟೆಯಲ್ಲಿದ್ದ ಶರೀರಕ್ಕೆ ಒಮ್ಮೆಲೇ ಪೂರ್ತಿ ಆಹಾರ ಕೊಡುವಂತಿಲ್ಲ. ರಕ್ತದಲ್ಲಿರುವ ಫಾಸ್ಫೇಟು, ಪೊಟ್ಯಾಸಿಯಮ್ಮು ಏಕಾಏಕಿ ಜೀವಕೋಶಗಳೊಳಗೆ ಸೇರಿ ಹೃದಯದ ಲಯ ತಪ್ಪಬಹುದು. ಮೊದಲ ದಿನ ಆರುನೂರು ಕ್ಯಾಲರಿ ಮಾತ್ರ. ಹೆಸರುಬೇಳೆ ನುಣ್ಣಗೆ ಬೇಯಿಸಿ ಸೋಸಿ, ಸೋಯಾ ಪ್ರೋಟೀನ್ ಪುಡಿ ಮತ್ತು ಎಣ್ಣೆ ಸೇರಿಸಿ ಇಳಿಸಿದೆವು. ಮೂರನೆಯ ಸಲಕ್ಕೇ ಟ್ಯೂಬ್ ಕಟ್ಟಿಕೊಂಡಿತು. ಬೇಳೆ ತಣಿದಾಗ ಗಟ್ಟಿಯಾಗುತ್ತದೆ ಎಂಬುದು ಸಾರು ಮಾಡುವ ಯಾವ ಹೆಂಗಸಿಗೂ ಗೊತ್ತು, ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಉಗುರು ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಹಿಂದೆ ಮುಂದೆ ಎಳೆದು ಅರ್ಧ ಗಂಟೆ ಹೆಣಗಿ ಬಿಡಿಸಿದೆವು. ಆಮೇಲೆ ಬೇಳೆ ಬಿಟ್ಟು ಬರೀ ಸೋಯಾ ಪುಡಿ, ಸಿಹಿಯಿಲ್ಲದ ಪಿಷ್ಟದ ಪುಡಿ, ಎಣ್ಣೆ. ಪ್ರತಿ ಸಲ ಮೊದಲೂ ಆಮೇಲೂ ಐವತ್ತು ಎಂ.ಎಲ್. ನೀರು. ಮೂರನೆಯ ದಿನ ಅಷ್ಟು ಎಚ್ಚರವಿದ್ದೂ ಫಾಸ್ಫೇಟು ಇಳಿಯಿತು. ಆಹಾರ ಅರ್ಧಕ್ಕೆ ಇಳಿಸಿ, ಡ್ರಿಪ್ಪಿನಲ್ಲಿ ಫಾಸ್ಫೇಟು ಕೊಟ್ಟು, ದಿನಕ್ಕೆರಡು ಸಲ ರಕ್ತ ನೋಡಿದೆವು.

ನಾಲ್ಕು ದಿನ ಕಳೆದು ತಿಂಗಳು ಬದಲಾಯಿತು. ಈಗ ಸೋಯಾ ಆಗುವುದಿಲ್ಲ, ಹಾಲು ಆಗುತ್ತದೆ. ಕಾಗದದಲ್ಲಿ ಎಲ್ಲವನ್ನೂ ಹೊಡೆದುಹಾಕಿ ಮತ್ತೆ ಬರೆದೆ. ವಾರ್ಡಿನ ಸಿಸ್ಟರ್ ಕಾಗದ ನೋಡಿ, "ಎಂತ ಮೇಡಂ, ಪಂಚಾಂಗ ನೋಡಿ ಫೀಡ್ ಬರೆಯುವುದಾ ಈಗ?" ಎಂದು ನಕ್ಕರು. ಕ್ರಿಶ್ಚಿಯನ್ ಹುಡುಗಿ, ಆದರೂ ಒಂದು ಸಲವೂ ತಪ್ಪು ಡಬ್ಬಿ ತೆಗೆಯಲಿಲ್ಲ. ಜ್ವರ ಇಳಿದು, ಹೊಸ ಮಾಸ್ಕ್ ಮಾಡಿ, ಹೊಸದಾಗಿ ಸ್ಕ್ಯಾನ್ ತೆಗೆದು ರೇಡಿಯೇಶನ್ ಮತ್ತೆ ಶುರುವಾಗುವಾಗ ಎಂಟು ಸಿಟ್ಟಿಂಗ್ ತಪ್ಪಿಹೋಗಿತ್ತು. ಉಳಿದವನ್ನು ಮೇಷ್ಟ್ರು ತಪ್ಪಿಸದೆ ಮುಗಿಸಿದರು. ಕೊನೆಯ ದಿನ ಗೌನಿನಲ್ಲಿ ತೂಗಿದಾಗ ಐವತ್ತೇಳೂವರೆ. ಟ್ಯೂಬಿನೊಂದಿಗೇ ಮನೆಗೆ ಹೋದರು. ದೇವರ ಎದುರು ಹೇಗೆ ಕೂತರೋ ನಾನು ಕೇಳಲಿಲ್ಲ. ಅವರ ಮನೆಯ ಓಣಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೆ.

ಮೂರು ತಿಂಗಳ ನಂತರ ಸ್ಕ್ಯಾನ್ ಆಯಿತು. ಗಡ್ಡೆ ಬಹಳಷ್ಟು ಕರಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಒಂದು ಸಣ್ಣ ಭಾಗ ಉಳಿದಿತ್ತು, ಅದರಲ್ಲಿ ಜೀವ ಇತ್ತು. ಇನ್ನು ಆಪರೇಶನ್ನು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರು. ಆ ಎಂಟು ದಿನದಿಂದಲೇ ಹೀಗಾಯಿತೇ ಎಂದು ನಾನು ಅವರನ್ನು ಬೇರೆಯಾಗಿ ಕೇಳಿದೆ. "ಇರಬಹುದು. ತಪ್ಪದಿದ್ದರೂ ಹೀಗೇ ಆಗಬಹುದಿತ್ತು. ಯಾರಿಗೂ ಹೇಳಲಿಕ್ಕಾಗುವುದಿಲ್ಲ" ಎಂದರು.

ಮಧ್ಯಾಹ್ನ ಮಾಮಿ ಒಬ್ಬರೇ ನನ್ನ ಕೋಣೆಗೆ ಬಂದರು. ಮೇಷ್ಟ್ರು ಕೆಳಗೆ ಆಪರೇಶನ್ನಿನ ಪರೀಕ್ಷೆಗಳಿಗೆ ಕೂತಿದ್ದರು. ಮಾಮಿ ಸೊರಗಿಹೋಗಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಮಗಾ, ನಿನ್ನ ಹತ್ತಿರ ಒಂದು ಕೇಳಲಿಕ್ಕುಂಟು. ಇವರಿಗೆ ಹೇಳಬೇಡ."

"ಕೇಳಿ ಮಾಮಿ."

"ಕಲ್ಲು ಕಟ್ಟುವ ಯೋಚನೆ ಇವರದ್ದಲ್ಲ. ನನ್ನದು. ಪುಸ್ತಕದಲ್ಲಿ ಹಾಗೆ ಬರೆಯಿರಿ ಅಂದದ್ದೂ ನಾನೇ. ಮೊದಲ ದಿನ ಇವರು ಪೆನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು." ಬಾಗಿಲ ಕಡೆ ಒಮ್ಮೆ ನೋಡಿದರು. "ಆ ಎಂಟು ದಿನ ನಿಂತಿತಲ್ಲ. ಅದರಿಂದ ಹೀಗಾಯ್ತಾ? ನಾನು ಮಾಡಿದ್ದರಿಂದ ಆಯ್ತಾ ಇದು?"

ನನ್ನೊಳಗೆ ಆ ಸಿಟ್ಟು ಆರಿರಲಿಲ್ಲ. ಇವತ್ತಿಗೂ ಪೂರ್ತಿ ಆರಿಲ್ಲ. ನನ್ನ ಮಾತನ್ನು, ನನ್ನ ಕೆಲಸವನ್ನು, ಡಾಕ್ಟರ ಎದುರು ನನ್ನ ಮುಖವನ್ನು ಇವರೆಲ್ಲ ಸೇರಿ ಹಾಳು ಮಾಡಿದ್ದರು. "ಇರಬಹುದು" ಎಂಬ ಒಂದೇ ಶಬ್ದ ಸಾಕಿತ್ತು. ಅದು ನಿಜವೂ ಆಗಿತ್ತು. ಮಾಮಿ ಅದನ್ನು ಹೊತ್ತುಕೊಂಡು ಹೋಗುತ್ತಿದ್ದರು, ಸಾಯುವವರೆಗೂ ಇಳಿಸುತ್ತಿರಲಿಲ್ಲ.

"ಇಲ್ಲ ಮಾಮಿ" ಎಂದೆ. "ಎಂಟು ದಿನಕ್ಕೆಲ್ಲ ಹಾಗಾಗುವುದಿಲ್ಲ. ಡಾಕ್ಟರ ಹತ್ತಿರ ನಾನೇ ಕೇಳಿದ್ದೇನೆ. ಅದು ರೋಗದ ಸ್ವಭಾವ."

"ಖಂಡಿತಾ?"

"ಖಂಡಿತಾ."

ಅವರು ಮೇಜಿನ ಅಂಚು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ಕೂತರು. ಎಷ್ಟೋ ದಿನದ ಉಸಿರನ್ನು ಒಮ್ಮೆಲೇ ಬಿಟ್ಟವರ ಹಾಗೆ ಕೂತರು. "ನೀನು ಹೇಳಿದ ಮೇಲೆ ಸರಿ ಮಗಾ" ಎಂದರು.

ನನ್ನ ಮಾತನ್ನು ಅವರು ಒಂದಿಷ್ಟೂ ಅನುಮಾನಿಸದೆ ನಂಬಿದ್ದು ಅದೇ ಮೊದಲು.